ಮೊಜು ಬೈಕುಗಳೂ ಇಸೋಬೆಯ ಮುಖವೂ

ತೆನ್ಪು ಕಂಪನಿಯಲ್ಲಿ ಇಸೋಬೆ ಕಿಯೋಹರುವಿನ ಕೆಲಸವೇನೆಂದು ಕೇಳಿದರೆ, ಹೊಸ ಬೈಕುಗಳನ್ನು ಓಡಿಸಿ ಪರೀಕ್ಷೆ ಮಾಡುವುದು ಎಂದು ಯಾರಾದರೂ ಹೇಳಿಬಿಡುತ್ತಿದ್ದರು. ಆದರೆ ಕಂಪನಿ ಅವನಿಂದ ನಿಜವಾಗಿ ಪಡೆಯುತ್ತಿದ್ದುದು ಬೇರೆ. ಅವನು ಗಾಡಿ ನಿಲ್ಲಿಸಿ ಹೆಲ್ಮೆಟ್ ತೆಗೆದ ಮೇಲೆ ಅವನ ಮುಖ ಹೇಗಿದೆ ಎಂಬುದಷ್ಟೇ ಅವರಿಗೆ ಬೇಕಿತ್ತು. ಆ ಮುಖವೋ ದೇವರಿಗೇ ಪ್ರೀತಿ. ಖುಷಿಯಾದರೂ ಅದೇ, ಹೊಟ್ಟೆ ನುಲಿದರೂ ಅದೇ. ಹುಬ್ಬು ಒಂದಿಷ್ಟು ಗಂಟು, ತುಟಿ ಒಂದಿಷ್ಟು ಸೊಟ್ಟ, ಕಣ್ಣು ಎಲ್ಲೋ ದೂರ. ಹುಟ್ಟುವಾಗಲೇ ಹಾಗೆ ಬಂದದ್ದು. "ಈ ಕೂಸಿಗೆ ಹಾಲು ಸಾಕಾಯ್ತೋ, ಇನ್ನೂ ಬೇಕೋ, ಒಂದಿನಾನೂ ನಂಗೆ ಗೊತ್ತಾಗ್ಲಿಲ್ಲ ನೋಡಿ" ಎಂದು ಹೆತ್ತ ತಾಯಿಯೇ ನೆರೆಮನೆಯವರ ಹತ್ತಿರ ಹೇಳಿಕೊಳ್ಳುತ್ತಿದ್ದಳು.

ಇಂಥ ಮುಖವನ್ನು ಓದಿ ಓದಿ ನಾಲ್ಕು ತಲೆಮಾರಿನ ಬೈಕು ಕಟ್ಟಿದರು ಎಂದರೆ ನಗಬೇಕೋ ಅಳಬೇಕೋ. ಇಸೋಬೆಗೂ ಅದು ಕೊನೆಯವರೆಗೆ ತಿಳಿಯಲಿಲ್ಲ. ತಾನು ಗಾಡಿಯ ಮರ್ಮ ಬಲ್ಲವನೋ, ಇಲ್ಲ ಬರೀ ಸೊಟ್ಟ ಮುಖದವನೋ ಎಂಬ ಒಂದೇ ಪ್ರಶ್ನೆ ಅವನನ್ನು ಜೀವಮಾನವೆಲ್ಲ ಕೊರೆಯಿತು.

ಹಮಾಮತ್ಸುವಿನಲ್ಲಿ ಮೋಟರ್‌ಸೈಕಲ್ ಮಾಡುವ ದೊಡ್ಡ ಮನೆತನಗಳು ಬೇರೆ ಇದ್ದವು, ಲೋಕವೆಲ್ಲ ಹೆಸರು ಬಲ್ಲಂಥವು. ತೆನ್ಪು ಅವುಗಳ ನೆರಳಿನಲ್ಲಿ, ತೆನ್ರ್ಯೂ ಹೊಳೆಯ ದಂಡೆಯಲ್ಲಿ, ಟಿಲ್ಲರಿಗೂ ದೋಣಿಗೂ ಇಂಜಿನ್ ಮಾಡಿ ಮಾರಿ ಹೊಟ್ಟೆ ಹೊರೆಯುತ್ತಿತ್ತು. ಹಾಗೆಂದು ಆ ಊರಿನಲ್ಲಿ ಹುಟ್ಟಿದ ಕಂಪನಿಗೆ ವೇಗದ ಬೈಕು ಮಾಡದೆ ನಿದ್ದೆ ಬರುತ್ತದೆಯೇ? ಎಂಬತ್ತರ ದಶಕದಲ್ಲಿ ಹುಡುಗರೆಲ್ಲ ಬೈಕಿನ ಹುಚ್ಚು ಹತ್ತಿಸಿಕೊಂಡು ಘಟ್ಟದ ರಸ್ತೆಗಳ ತಿರುವಿನಲ್ಲಿ ನೆಲಕ್ಕೆ ತಾಗುವಂತೆ ಬಗ್ಗಿ ಮೊಣಕಾಲು ಸವೆಸುತ್ತಿದ್ದಾಗ ತೆನ್ಪುವೂ ಒಂದಕ್ಕೆ ಕೈಹಾಕಿತು. ಹೆಸರು ಮೊಜು. ಚಳಿಗಾಲಕ್ಕೆ ಮುಂಚೆ ಬೇಲಿಯ ತುದಿಯಲ್ಲಿ ಕೂತು ಊರೆಲ್ಲ ಕೇಳುವಂತೆ ಕಿರುಚುವ, ಮುಷ್ಟಿಯಷ್ಟೇ ದಪ್ಪದ, ಜಗಳಗಂಟಿ ಹಕ್ಕಿಯ ಹೆಸರು ಅದು. ಚಿಕ್ಕ ಕಂಪನಿಗೆ ಚೆನ್ನಾಗಿಯೇ ಒಪ್ಪಿತು.

ಆಗ ಇಸೋಬೆ ಇಪ್ಪತ್ತರ ಆಸುಪಾಸಿನ ಹುಡುಗ. ಅಪ್ಪನದು ಹಮಾನಾ ಸರೋವರದ ಬಳಿ ಹಾವುಮೀನು ಸಾಕುವ ಕೆರೆ. ಜೀವಂತ ಹಾವುಮೀನಿದ್ದ ನೀರಿನ ತೊಟ್ಟಿಯನ್ನು ಸ್ಕೂಟರಿನ ಹಿಂದೆ ಕಟ್ಟಿಕೊಂಡು ಹೋಗಿ ಹೋಟೆಲುಗಳಿಗೆ ಮೀನು ಕೊಡುವುದು ಮಗನ ಕೆಲಸ. ನಮ್ಮ ಕಡೆಯ ಚಳಿಗಾಲದ ಒಣಗಾಳಿ ಸೇತುವೆಯ ಮೇಲೆ ಆಳನ್ನೇ ಎತ್ತಿ ಎಸೆಯುವಂಥದು. ಆ ಗಾಳಿಯಲ್ಲೂ ತೊಟ್ಟಿಯ ನೀರು ಚೆಲ್ಲದಂತೆ ಈ ಹುಡುಗ ಸೇತುವೆ ದಾಟುವುದನ್ನು ತೆನ್ಪುವಿನ ಪರೀಕ್ಷಾ ವಿಭಾಗದ ಹೊಸೋಯ ನೋಡಿದ. ಹೊಸೋಯ ಚುರುಕು ಕಣ್ಣಿನ, ಚೂಪು ನಾಲಗೆಯ ಎಂಜಿನಿಯರು. ಹಾವುಮೀನು ಇಳಿಸುವ ಜಾಗಕ್ಕೇ ಹೋಗಿ ಮಾತಾಡಿಸಿದ.

"ನಮ್ಮಲ್ಲಿ ಬೈಕ್ ಓಡಿಸ್ತೀಯೇನಯ್ಯಾ?"

"ಹೂಂ... ಸ್ವಲ್ಪ..." ಎಂದ ಇಸೋಬೆ.

ಬೇಡ ಎಂದನೋ, ಸ್ವಲ್ಪ ಕಾಲ ಕೊಡಿ ಎಂದನೋ ಹೊಸೋಯ ಕೇಳಲಿಲ್ಲ. ನಮ್ಮಲ್ಲಿ 'ಸ್ವಲ್ಪ ಏನು?' ಎಂದು ಬಿಡಿಸಿ ಕೇಳುವ ಪದ್ಧತಿಯೇ ಇಲ್ಲ. ಅರ್ಧ ಮಾತಿಗೆ ಪೂರ್ತಿ ತಿಳಿದುಕೊಳ್ಳದವನು ದಡ್ಡ, ಪೂರ್ತಿ ಹೇಳಿಸುವವನು ಒರಟ. ಮುಂದಿನ ವಾರವೇ ಇಸೋಬೆ ಕಂಪನಿಯ ಅಂಗಿ ತೊಟ್ಟ. ತಾನು ಒಪ್ಪಿಕೊಂಡದ್ದು ಯಾವಾಗ ಎಂದು ಅವನಿಗೇ ಸರಿಯಾಗಿ ನೆನಪಿರಲಿಲ್ಲ.

ಮೊದಲ ಮೊಜುವಿನ ಮಾದರಿ ಗಾಡಿ ತಯಾರಾಯಿತು. ಕಂಪನಿಯ ಓಟದ ದಾರಿ ಇದ್ದದ್ದು ಹೊಳೆಯ ದಂಡೆಯ ಮೇಲೆ, ಗಾಳಿಗೆ ಎದೆಯೊಡ್ಡಿಕೊಂಡು. ಇಸೋಬೆ ಸುತ್ತು ಹೊಡೆದು ಬಂದು ತಗಡಿನ ಮಾಡಿನಡಿ ಗಾಡಿ ನಿಲ್ಲಿಸಿದ. ಎಂಜಿನಿಯರುಗಳೆಲ್ಲ ಸಾಲಾಗಿ ನಿಂತಿದ್ದರು. ಗಾಡಿಯ ಚೌಕಟ್ಟನ್ನು ರೂಪಿಸಿದ ನಿರ್ದೇಶಕರು ನಡುವೆ ಇದ್ದರು. ಅವರ ಎದುರು ಉಸಿರು ಬಿಡಲೂ ಜನ ಹೆದರುತ್ತಿದ್ದ ಕಾಲ.

"ಹೇಗಿತ್ತು?" ಎಂದ ಹೊಸೋಯ.

ಇಸೋಬೆ ಹೆಲ್ಮೆಟ್ ತೆಗೆದ. ಎಡಗಿವಿ ಗಾಳಿಗೆ ಮರಗಟ್ಟಿತ್ತು, ಅದನ್ನು ಉಜ್ಜಿಕೊಂಡ. ಹೇಳಬೇಕಾದ್ದು ಏನೋ ಇತ್ತು. ಅದು ಮೈಯಲ್ಲಿ ಎಲ್ಲೋ ಓಡಾಡುತ್ತಿತ್ತು, ಬಾಯಿಗೆ ಬರುತ್ತಿರಲಿಲ್ಲ. "ಹೂಂ... ಸ್ವಲ್ಪ..." ಎಂದು ಶುರು ಮಾಡಿ ಮಾತಿನ ಬಾಲ ಹುಡುಕುತ್ತಾ ನಿಂತ.

ಹೊಸೋಯ ಬಾಲಕ್ಕೆ ಕಾಯಲಿಲ್ಲ. "ಎಡಗಡೆ!" ಎಂದು ಕೂಗಿದ. "ಅವನ ಮುಖ ನೋಡಿ! ಎಡಗಡೆ ಏನೋ ಇದೆ! ಬಿಚ್ರೋ ಗಾಡೀನ!"

ಬಿಚ್ಚಿದರು. ಚೌಕಟ್ಟಿನ ಎಡಬದಿಯ ಬೆಸುಗೆಯಲ್ಲಿ ಕೂದಲೆಳೆಯಷ್ಟು ಬಿರುಕು ಕಂಡಿತು. ನಿರ್ದೇಶಕರು ತಲೆ ತಗ್ಗಿಸಿ, "ಮುಖವೇ ಹೇಳ್ತಿದೆ ಅಂದ್ಮೇಲೆ ಸರಿ, ಹೊಸದಾಗಿ ಮಾಡೋಣ" ಎಂದರು. ಮೊಜುವಿನ ಚೌಕಟ್ಟು ಹೊಸದಾಯಿತು, ಹಗುರಾಯಿತು. ಗಾಡಿ ಹೊರಬಂದಾಗ ಊರಿನ ದೊಡ್ಡ ಕಂಪನಿಯವರೂ ಕದ್ದು ಬಂದು ನೋಡಿ ಹೋದರು.

ಇಸೋಬೆ ಮಾತ್ರ ಕಕ್ಕಾಬಿಕ್ಕಿ. ಕಿವಿ ಉಜ್ಜಿಕೊಂಡದ್ದು ಚಳಿಗೆ. ಅಷ್ಟಂತೂ ನಿಜ. ಆದರೆ 'ಸ್ವಲ್ಪ' ಎಂದದ್ದು ಏತಕ್ಕೆ? ಬಿರುಕಿನ ಸುಳಿವು ಮೈಗೆ ಹತ್ತಿತ್ತೇ? ಹತ್ತಿತ್ತು ಎಂದುಕೊಂಡರೆ ಹತ್ತಿದ ಹಾಗೇ ಇತ್ತು, ಇಲ್ಲ ಎಂದುಕೊಂಡರೆ ಏನೂ ಇರಲಿಲ್ಲ. ಹೋಗಿ ಯಾರನ್ನು ಕೇಳುವುದು?

ಎರಡನೆಯ ಮೊಜುವಿನ ಹೊತ್ತಿಗೆ ಇದು ಕೆಲಸದ ರೀತಿಯೇ ಆಗಿಬಿಟ್ಟಿತು. ಯಾವ ಭಾಗವನ್ನೂ ಅಂತಿಮಗೊಳಿಸುವ ಮೊದಲು ಒಂದು 'ಮುಖದ ದಿನ' ಗೊತ್ತುಮಾಡುತ್ತಿದ್ದರು. ಅವತ್ತು ಎಲ್ಲರೂ ಟೋಪಿ ಕೈಯಲ್ಲಿ ಹಿಡಿದು ತಗಡಿನ ಮಾಡಿನಡಿ ನಿಲ್ಲಬೇಕು. ಇಸೋಬೆ ಸೀನಿದ. ಇಂಜಿನ್ನಿಗೆ ಗಾಳಿ ಹೋಗುವ ಕೊಳವೆಯನ್ನು ಬದಲಿಸಿದರು. ಬಲಗೈ ಗವಸಿನ ಗುಂಡಿ ಸಿಕ್ಕಿಕೊಂಡು ಬಿಚ್ಚಲು ತಡವಾಯಿತು. ಬ್ರೇಕಿನವರ ಮುಖ ಬಿಳಿಚಿತು, ಮರುದಿನವೇ ಹೊಸ ಬ್ರೇಕು ಬಂತು. ವಿಚಿತ್ರವೆಂದರೆ ಪ್ರತಿ ಸಲವೂ ಗಾಡಿ ಇನ್ನೂ ಚೆನ್ನಾಗುತ್ತಿತ್ತು. ಮೈಗೆ ಕವಚ ತೊಟ್ಟು, ದೊಡ್ಡ ಇಂಜಿನ್ ಹೊತ್ತು, ಆದರೂ ತಿರುವಿನಲ್ಲಿ ಬೆಕ್ಕಿನಂತೆ ಬಗ್ಗುತ್ತಿದ್ದ ಎರಡನೆಯ ಮೊಜುವನ್ನು ಪತ್ರಿಕೆಗಳು ಹೊಗಳಿದ್ದೇ ಹೊಗಳಿದ್ದು. 'ಮನುಷ್ಯನ ಸ್ಪರ್ಶವಿರುವ ಯಂತ್ರ' ಎಂದು ಒಬ್ಬ ಬರೆದ.

"ಅದ್ಯಾರ ಸ್ಪರ್ಶಾರೀ, ನಿಮ್ದಾ?" ಎಂದು ಹೆಂಡತಿ ತೊಮೊಎ ನಕ್ಕಳು. ಮದುವೆಯಾಗಿ ಒಂದು ವರ್ಷವಾಗಿತ್ತಷ್ಟೆ. ಅವಳು ಊರಿನ ಒಂದು ಪುಟ್ಟ ಹೋಟೆಲಿನಲ್ಲಿ ಗ್ಯೋಜಾ ಎಂಬ ಹೂರಣದ ಕಡುಬು ಮಡಿಚುವವಳು, ಕೈಯಷ್ಟೇ ಬಾಯೂ ಚುರುಕು.

"ಅವ್ರು ಹಂಗಂತಾರೆ."

"ನೀವೇನಂತೀರಿ?"

"ಹೂಂ... ಸ್ವಲ್ಪ..."

"ನೋಡಿ, ಆ ಆಟ ಕಂಪನೀಲಿ ಇಟ್ಕೊಳ್ಳಿ. ಸಾರು ಉಪ್ಪಾಗಿದ್ರೆ ಉಪ್ಪು ಅನ್ನಿ, ಸಪ್ಪೆ ಇದ್ರೆ ಸಪ್ಪೆ ಅನ್ನಿ. ನಿಮ್ಮ ಮೂತಿ ನೋಡ್ಕೊಂಡು ಅಡುಗೆ ಮಾಡೋಕೆ ನಾನೇನು ಎಂಜಿನಿಯರ್ರಾ?"

ಇಸೋಬೆಗೆ ಆ ಮಾತು ನಾಟಿತು. ಮೂರನೆಯ ಮೊಜುವಿನ ಕಾಲಕ್ಕೆ ಅವನು ಗಟ್ಟಿ ಮನಸ್ಸು ಮಾಡಿದ. ಇನ್ನು ಮುಖ ಓದಿಸಿಕೊಳ್ಳುವ ಕರ್ಮ ಬೇಡ, ಅನ್ನಿಸಿದ್ದನ್ನು ಬಾಯಿಬಿಟ್ಟು ಹೇಳಿಬಿಡುವುದು. ಸ್ನಾನದ ಮನೆಯ ಕನ್ನಡಿ ಮುಂದೆ ನಿಂತು ಅಭ್ಯಾಸವನ್ನೂ ಮಾಡಿದ. ಆ ಗಾಡಿ ಅವನಿಗೆ ನಿಜವಾಗಿಯೂ ಹಿಡಿಸಿತ್ತು. ಸೀಟು ಹಿತವಾಗಿತ್ತು, ಇಂಜಿನ್ನು ಹಸಿದ ಹುಲಿಯಂತೆ ಎಳೆಯುತ್ತಿತ್ತು. ಮುಖದ ದಿನ ಬಂದಿಳಿದು, ಹೆಲ್ಮೆಟ್ ತೆಗೆದು, "ಚೆನ್ನಾಗಿದೆ. ತುಂಬಾ ಚೆನ್ನಾಗಿದೆ" ಎಂದ. ಅಷ್ಟು ದೊಡ್ಡದಾಗಿ ಮಾತಾಡಿ ಅವನಿಗೇ ಬೆವರು ಬಂತು.

ಯಾರೂ ಕುಣಿಯಲಿಲ್ಲ. ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹೊಸೋಯ ಏನೋ ಹೇಳಲು ಬಾಯಿ ತೆರೆದವನು ಮುಚ್ಚಿಕೊಂಡ. ಆಮೇಲೆ ಎಲ್ಲರೂ ಸೊಂಟ ಬಾಗಿಸಿ ನಮಸ್ಕರಿಸಿ ಸದ್ದಿಲ್ಲದೆ ಚದುರಿದರು. ಗಾಡಿ ಇದ್ದದ್ದು ಇದ್ದ ಹಾಗೇ ಮಾರುಕಟ್ಟೆಗೆ ಹೋಯಿತು.

ಬೇಸಿಗೆ ಬಂದದ್ದೇ ದೂರುಗಳ ಸುರಿಮಳೆ. ಊರೊಳಗಿನ ದಟ್ಟಣೆಯಲ್ಲಿ ಇಂಜಿನ್ನಿನ ಬಿಸಿಗೆ ತೊಡೆ ಬೇಯುತ್ತದೆ. ನಿಲ್ಲಿಸಿ ತಳ್ಳಲು ಹೋದರೆ ಎಮ್ಮೆ ತಳ್ಳಿದ ಹಾಗೆ. ಇಸೋಬೆ ಅದನ್ನು ಓಡಿಸಿದ್ದು ಚಳಿಗಾಲದಲ್ಲಿ, ಖಾಲಿ ದಾರಿಯಲ್ಲಿ. ಆ ಬಿಸಿ ಅವನ ಕಾಲಿಗೆ ಹಿತವಾಗಿಯೇ ಇತ್ತು! ಮೂರನೆಯ ಮೊಜು ಅಂಗಡಿಗಳಲ್ಲಿ ಧೂಳು ತಿಂದಿತು. ಅವನನ್ನು ಯಾರೂ ಒಂದು ಮಾತು ಅನ್ನಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಹೊಸೋಯ ಸೋಲನ್ನು ತನ್ನ ತಲೆಯ ಮೇಲೆ ಹೊತ್ತುಕೊಂಡು ರಾಜೀನಾಮೆ ಕೊಟ್ಟು, ಸರೋವರದ ಆಚೆಯ ಮಿಕ್ಕಬಿಯಲ್ಲಿ ಮಾವನ ಕಿತ್ತಳೆ ತೋಟ ನೋಡಿಕೊಳ್ಳಲು ಹೊರಟುಹೋದ. ಹೋಗುವ ದಿನವೂ ಇಸೋಬೆಯ ಹೆಗಲು ತಟ್ಟಿದನೇ ಹೊರತು ಏನೂ ಹೇಳಲಿಲ್ಲ.

ಇಸೋಬೆಯ ತಲೆ ಚಿಟ್ಟು ಹಿಡಿದುಹೋಯಿತು. ಬಾಯಿಮುಚ್ಚಿಕೊಂಡಿದ್ದಾಗ ಎರಡು ಸಲ ಗೆದ್ದ. ಬಾಯಿಬಿಟ್ಟಾಗ ಮುಳುಗಿಸಿದ. ಹಾಗಾದರೆ ಮೈಗೆ ತಿಳಿಯುತ್ತಿದ್ದದ್ದು ಬಾಯಿಗೆ ತಿಳಿಯುತ್ತಿರಲಿಲ್ಲವೋ? ಅಥವಾ ಮೈಗೂ ಎಂದೂ ಏನೂ ತಿಳಿದಿರಲಿಲ್ಲವೋ? ಅಂದಿನಿಂದ ಅವನು ಮತ್ತೆ ಬಾಯಿಗೆ ಬೀಗ ಹಾಕಿಕೊಂಡ. ಸಣ್ಣಪುಟ್ಟ ಸ್ಕೂಟರುಗಳಿಗೂ ಅದೇ ಹುಬ್ಬುಗಂಟು, ಅದೇ 'ಸ್ವಲ್ಪ'. ಜನ ಸಮಾಧಾನದ ನಿಟ್ಟುಸಿರು ಬಿಟ್ಟರು.

ವರ್ಷಗಳು ಉರುಳಿ, ಇಸೋಬೆಯ ಕಿವಿಯ ಪಕ್ಕದ ಕೂದಲು ಬೆಳ್ಳಗಾದಾಗ ನಾಲ್ಕನೆಯ ಮೊಜುವಿನ ಮಾತು ಬಂತು. ಹುಡುಗರಿಗೆ ಬೈಕಿನ ಹುಚ್ಚು ಇಳಿದಿತ್ತು. ಇದೊಂದು ಗೆದ್ದರೆ ಉಂಟು, ಇಲ್ಲವಾದರೆ ಬೈಕು ವಿಭಾಗವನ್ನೇ ಮುಚ್ಚಿ ಎಲ್ಲರನ್ನೂ ದೋಣಿ ಇಂಜಿನ್ನಿಗೆ ಕಳಿಸುತ್ತೇವೆಂದು ಕಂಪನಿ ಹೇಳಿಬಿಟ್ಟಿತ್ತು. ಹೊಸ ಮುಖ್ಯಸ್ಥ ಕುರಾತ ಆತುರದ ಮನುಷ್ಯ, ನಕ್ಕರೂ ಅಳುಕುತ್ತಲೇ ನಗುವವನು. ಅವನ ಗುಂಪಿನಲ್ಲಿ ಶಿಮೊಮುರಾ ಅಕಿಹೊ ಎಂಬ ಹುಡುಗಿ ಹಿಂಚಕ್ರದ ಜೋಡಣೆಯನ್ನು ನೋಡಿಕೊಳ್ಳುತ್ತಿದ್ದಳು. ವಯಸ್ಸಿನಲ್ಲೂ ಸೇವೆಯಲ್ಲೂ ಎಲ್ಲರಿಗಿಂತ ಚಿಕ್ಕವಳಾದ್ದರಿಂದ ಸಭೆಯಲ್ಲಿ ಚಹಾ ಸುರಿಯುವ ಕೆಲಸವೂ ಅವಳದೇ.

ಇಸೋಬೆಗೆ ಬೇರೊಂದು ಸಂಕಟವಿತ್ತು. ಅಷ್ಟು ವರ್ಷ ಹ್ಯಾಂಡಲಿನ ನಡುಕ ಹಿಡಿದ ಬೆರಳುಗಳು ಚಳಿಯಾದರೆ ಮೇಣದ ಹಾಗೆ ಬೆಳ್ಳಗಾಗಿ ಮರಗಟ್ಟುತ್ತಿದ್ದವು. ಅಂಗಿಯ ಗುಂಡಿಯನ್ನೂ ತೊಮೊಎಯೇ ಹಾಕಬೇಕು. ಇಂಥ ಕೈಯಲ್ಲಿ ಗಾಡಿ ಪರೀಕ್ಷೆ ಮಾಡುವುದೆಂದರೆ ಮೋಸವಲ್ಲವೇ? ನಾಲ್ಕನೆಯ ಮೊಜುವಿನ ಮುಖದ ದಿನ ಅವನು ಸುತ್ತು ಹೊಡೆದು ಬಂದು, ಇನ್ನು ತಡೆಯಲಾರದೆ ಸತ್ಯ ಹೇಳಿಬಿಟ್ಟ.

"ನಂಗೇನೂ ಗೊತ್ತಾಗ್ತಿಲ್ಲ."

ಕುರಾತನ ಕಣ್ಣು ತುಂಬಿ ಬಂತು.

"ಕೇಳಿದ್ರಾ?" ಎಂದ ತನ್ನ ಜನರತ್ತ ತಿರುಗಿ. "ಗಾಡಿ ಯಾವುದು, ತಾನು ಯಾವುದು ಅಂತಾನೇ ಗೊತ್ತಾಗ್ತಿಲ್ಲವಂತೆ! ಅಷ್ಟು ಒಂದಾಗಿಹೋಗಿದೆ! ಇಸೋಬೆ ಸಾನ್ ಬಾಯಲ್ಲಿ ಇಂಥ ಮಾತು ನಾವ್ಯಾರೂ ಕೇಳೇ ಇಲ್ಲ!"

"ಅಯ್ಯೋ, ಹಂಗಲ್ಲಪ್ಪಾ, ನಿಜವಾಗ್ಲೂ..."

"ಸಾಕು ಇಸೋಬೆ ಸಾನ್. ನಮಗೆ ಅರ್ಥ ಆಯ್ತು."

ಚಪ್ಪಾಳೆ ಬಿತ್ತು. ಹೊಸ ವರ್ಷ ಕಳೆದ ಮೇಲೆ ಒಂದು ಕೊನೆಯ ಓಟ, ಅದು ಹೆಸರಿಗಷ್ಟೇ, ಆಮೇಲೆ ತಯಾರಿಕೆ ಎಂದು ತೀರ್ಮಾನವಾಯಿತು. ಇಸೋಬೆ ಪೆಚ್ಚುಮೋರೆ ಹಾಕಿಕೊಂಡು ಮನೆಗೆ ಬಂದ. ಅದು ಪೆಚ್ಚುಮೋರೆ ಎಂದು ತಿಳಿದದ್ದು ತೊಮೊಎಗೆ ಒಬ್ಬಳಿಗೇ.

"ಗೊತ್ತಾಗ್ತಿಲ್ಲ ಅಂದೆ ಕಣೇ. ಕೈ ತಟ್ಟಿದ್ರು."

"ಇನ್ನೊಂದ್ಸಲ ಹೇಳಬೇಕಿತ್ತು."

"ಇನ್ನೊಂದ್ಸಲ ಹೇಳಿದ್ರೆ ಇನ್ನೂ ಜೋರಾಗಿ ತಟ್ಟೋರು. ನಾನು ಯಾರೇ ತೊಮೊಎ? ಇಷ್ಟು ವರ್ಷ ನಾನೇನು ಮಾಡ್ದೆ ಅಲ್ಲಿ?"

ತೊಮೊಎ ಅವನ ಬೆರಳುಗಳನ್ನು ತನ್ನ ಕೈಯೊಳಗೆ ಇಟ್ಟುಕೊಂಡು ಉಜ್ಜಿದಳು. "ಹೊಸೋಯ ಸಾನ್‌ನ ಕೇಳಿ. ಶುರು ಮಾಡಿದ್ದು ಅವ್ರು ತಾನೇ?" ಎಂದಳು.

ಡಿಸೆಂಬರಿನ ಒಂದು ಬೆಳಿಗ್ಗೆ ಇಸೋಬೆ ಮಿಕ್ಕಬಿಗೆ ಹೋದ. ಗುಡ್ಡದ ಮೈಯೆಲ್ಲ ಕಿತ್ತಳೆ ಹಣ್ಣಾಗಿ ತೂಗುತ್ತಿತ್ತು. ಮುದುಕ ಹೊಸೋಯ ಏಣಿಯ ಮೇಲಿದ್ದ. ಬಂದವನನ್ನು ನೋಡಿ, ಯಾಕೆ ಬಂದೆ ಎಂದೂ ಕೇಳದೆ ಒಂದು ಕತ್ತರಿ ಎಸೆದ.

"ತೊಟ್ಟು ಎರಡು ಸಲ ಕತ್ತರಿಸ್ಬೇಕು ಗೊತ್ತಲ್ಲ. ಒಂದ್ಸಲ ಉದ್ದಕ್ಕೆ, ಇನ್ನೊಂದ್ಸಲ ಬುಡಕ್ಕೆ. ಇಲ್ದಿದ್ರೆ ಬುಟ್ಟೀಲಿ ಪಕ್ಕದ ಹಣ್ಣಿಗೆ ಚುಚ್ಚತ್ತೆ."

ಮರಗಟ್ಟಿದ ಬೆರಳುಗಳಲ್ಲಿ ಇಸೋಬೆ ಹೇಗೋ ಒಂದೆರಡು ಹಣ್ಣು ಕತ್ತರಿಸಿದ. ಆಮೇಲೆ ಧೈರ್ಯ ತಂದುಕೊಂಡು, ಜೀವಮಾನದಲ್ಲಿ ಮೊದಲ ಸಲ, ಒಬ್ಬರನ್ನು ನೇರವಾಗಿ ಕೇಳಿದ. "ಹೊಸೋಯ ಸಾನ್, ಆವತ್ತು ಎಡಗಡೆ ಅಂದ್ರಲ್ಲ. ನನ್ನ ಮುಖದಲ್ಲಿ ಏನು ಕಂಡ್ರಿ?"

ಹೊಸೋಯ ಏಣಿಯಿಂದ ಕೆಳಗಿಳಿದ. ಕೈಯಲ್ಲಿದ್ದ ಹಣ್ಣನ್ನು ಬುಟ್ಟಿಗೆ ಹಾಕಿ, "ಏನೂ ಕಾಣ್ಲಿಲ್ಲ ಕಣಯ್ಯಾ" ಎಂದ.

"ಏನೂ ಕಾಣ್ಲಿಲ್ವಾ?"

"ಆ ಬೆಸುಗೆ ಸರಿಯಿಲ್ಲ ಅಂತ ನಕ್ಷೆ ನೋಡಿದ ದಿನಾನೇ ನಂಗೆ ಗೊತ್ತಿತ್ತು. ಆದ್ರೆ ಮಾಡಿದ್ದು ನಿರ್ದೇಶಕರು. ನಿಮ್ಮದು ತಪ್ಪು ಅಂತ ಅವ್ರ ಮುಖಕ್ಕೆ ಹೊಡ್ದಂಗೆ ಹೇಳೋಕಾಗತ್ತಾ? ನೀನು ಕಿವಿ ಉಜ್ಕೊಂಡು, ಅಡ್ಡ ಮೋರೆ ಮಾಡ್ಕೊಂಡು ನಿಂತಿದ್ದೆ. ಬಚಾವಾದೆ ಅನ್ಕೊಂಡು ನಿನ್ನ ತಲೆ ಮೇಲೆ ಹಾಕ್ದೆ."

ಇಸೋಬೆ ಕತ್ತರಿ ಕೆಳಗಿಟ್ಟ. "ಎರಡನೇದು?"

"ಅದೂ ಅಷ್ಟೆ. ಬ್ರೇಕ್ ಸಾಲದು ಅಂತ ಬ್ರೇಕಿನವರಿಗೆ ಗೊತ್ತು. ಕೊಳವೆ ಸರಿಯಿಲ್ಲ ಅಂತ ಕೊಳವೆಯವರಿಗೆ ಗೊತ್ತು. ಹೇಳೋಕೆ ಯಾರಿಗೂ ಬಾಯಿಲ್ಲ. ನಿನ್ನ ಮುಖದ ಮೇಲೆ ಹಾಕಿದ್ರೆ ಯಾರಿಗೂ ಅವಮಾನ ಇಲ್ಲ. ಎಲ್ರೂ ತಂತಮ್ಮ ಅನುಮಾನಾನ ನಿನ್ನ ಮುಖದಲ್ಲಿ ಓದ್ಕೊಂಡ್ರು. ಅದ್ಕೇ ಗಾಡಿ ಚೆನ್ನಾಗಾಯ್ತು."

"ಮತ್ತೆ ಮೂರನೇದು..."

"ಮೂರನೇದಕ್ಕೆ ನೀನು ಚೆನ್ನಾಗಿದೆ ಅಂದ್ಬಿಟ್ಟೆ! ಬಿಸಿ ಜಾಸ್ತಿ ಅಂತ ಅಲ್ಲಿದ್ದವರಿಗೆಲ್ಲ ಗೊತ್ತಿತ್ತು. ನೀನು ದಾರೀನೇ ಬಿಡ್ಲಿಲ್ಲವಲ್ಲೋ ಮಾರಾಯ!" ಹೊಸೋಯ ನಗಲು ಹೋದ, ಆಗಲಿಲ್ಲ. ತಲೆ ತಗ್ಗಿಸಿದ. "ತಪ್ಪು ನಿಂದಲ್ಲ. ನಾನು ಬಾಯ್ಬಿಡಬೇಕಿತ್ತು. ಬಿಡ್ಲಿಲ್ಲ. ಅದಕ್ಕೇ ಬಿಟ್ಟು ಬಂದೆ."

ಇಸೋಬೆ ಹಣ್ಣಿನ ಬುಟ್ಟಿಯ ಪಕ್ಕ ಕುಕ್ಕರಿಸಿದ. ನಿಜ ತಿಳಿದರೆ ಮನಸ್ಸು ಹಗುರಾಗುತ್ತದೆ ಎಂದುಕೊಂಡು ಬಂದಿದ್ದ. ಈಗ ಇನ್ನೂ ಗೋಜಲು. "ಹಂಗಾದ್ರೆ ನಂಗೆ ಗಾಡಿ ಗೊತ್ತಾಗ್ತಿತ್ತಾ, ಇಲ್ವಾ?"

"ನಂಗೇನು ಗೊತ್ತಯ್ಯಾ?" ಎಂದ ಹೊಸೋಯ ಮೆಲ್ಲಗೆ. "ನಾವ್ಯಾರೂ ಒಂದಿನಾನೂ ನಿನ್ನ ಕೇಳ್ಲೇ ಇಲ್ಲವಲ್ಲ."

ಒಂದು ಚೀಲ ಕಿತ್ತಳೆ ಹೊತ್ತುಕೊಂಡು ಇಸೋಬೆ ರೈಲಿನಲ್ಲಿ ಹಿಂದಿರುಗಿದ. ಸಿಟ್ಟು ಬಂತು, ಹೊಸೋಯನ ಮೇಲೆ, ಟೋಪಿ ಹಿಡಿದು ನಿಲ್ಲುತ್ತಿದ್ದ ಎಲ್ಲರ ಮೇಲೆ. ಮರುಗಳಿಗೆ ನಾಚಿಕೆ ಬಂತು. ಅವರ ಅನುಮಾನಗಳನ್ನು ನೇತುಹಾಕುವ ಗೂಟವಾಗಿದ್ದನಲ್ಲ ತಾನು! ಅದೂ ಒಂದು ಕೆಲಸವೇ ಇರಬಹುದು. ಆದರೆ ಗೂಟಕ್ಕೆ ಯಾರಾದರೂ ಇಷ್ಟು ವರ್ಷ ಸಂಬಳ ಕೊಡುತ್ತಾರೆಯೇ? ಆ ಹೊಸ ವರ್ಷದ ಅಕ್ಕಿಕಡುಬಿನ ಸಾರು ಅವನ ನಾಲಗೆಗೆ ಹತ್ತಲೇ ಇಲ್ಲ.

ಕೊನೆಯ ಓಟದ ದಿನ ಗಾಳಿ ಎಂದಿನಂತೆ ಹೊಳೆಯ ಮೇಲಿಂದ ಬೀಸುತ್ತಿತ್ತು. ಹೆಸರಿಗಷ್ಟೇ ಓಟವಾದ್ದರಿಂದ ಮಾಡಿನಡಿ ಕುರಾತ ಸಾಕೆ ಎಂಬ ಅಕ್ಕಿಮದ್ಯದ ಬಾಟಲಿಯನ್ನೂ ಬಟ್ಟಲುಗಳನ್ನೂ ಜೋಡಿಸಿಟ್ಟಿದ್ದ. ಇಸೋಬೆ ಹೊರಟ. ಬೆರಳುಗಳಲ್ಲಿ ಜೀವವಿಲ್ಲ. ಹ್ಯಾಂಡಲು ಹಿಡಿದಿದ್ದೇನೆ ಎಂಬುದನ್ನು ಕಣ್ಣಿಂದ ನೋಡಿಯೇ ನಂಬಬೇಕು. ಕೈ ಸುಮ್ಮನಿದ್ದುದರಿಂದಲೋ ಏನೋ, ಅವತ್ತು ಮೈಯ ಉಳಿದ ಭಾಗಕ್ಕೆಲ್ಲ ಎಚ್ಚರವಾದಂತಿತ್ತು. ಬಲಕ್ಕೆ ಹೊರಳುವ ಉದ್ದ ತಿರುವಿನಲ್ಲಿ ಸೊಂಟದ ಕೆಳಗೆ ಏನೋ ತಟ್ಟಿತು. ಮತ್ತೊಮ್ಮೆ ತಟ್ಟಿತು.

ರಸ್ತೆಯ ಉಬ್ಬೇ? ಆ ರಸ್ತೆ ಅವನಿಗೆ ಮನೆಯ ಅಂಗಳದಷ್ಟು ಪರಿಚಯ, ಉಬ್ಬಿರಲಿಲ್ಲ. ಗಾಳಿಯೇ? ಇನ್ನೊಂದು ಸುತ್ತು ಹೋದ. ಅದೇ ತಿರುವು, ಅದೇ ತಟ್ಟು. ಮತ್ತೂ ಹೋದ. ಇದೆ ಎಂದರೆ ಇದೆ. ಆದರೆ ಹೊಸೋಯನ ಮಾತು ಕೇಳಿದ ಮೇಲೆ ಹುಟ್ಟಿದ ಭ್ರಮೆಯಾಗಿದ್ದರೆ? ನನಗೂ ಏನಾದರೂ ತಿಳಿಯುತ್ತದೆ ಎಂಬ ಆಸೆಯೇ ಸೊಂಟಕ್ಕೆ ತಟ್ಟುತ್ತಿದ್ದರೆ? ಹೇಳಿದರೆ ತಯಾರಿಕೆ ನಿಲ್ಲುತ್ತದೆ. ಸುಳ್ಳಾದರೆ ಇಷ್ಟು ಜನರ ಅನ್ನಕ್ಕೆ ಕಲ್ಲು. ಹೇಳದೆ, ಅದು ನಿಜವಾಗಿದ್ದರೆ, ಯಾವುದೋ ಹುಡುಗ ಘಟ್ಟದ ತಿರುವಿನಲ್ಲಿ ಹಾರಿಬೀಳುತ್ತಾನೆ. ಗಾಡಿಯ ಮೇಲೆ ಅವನಿಗೆ ಅಷ್ಟು ಭಯ ಎಂದೂ ಆಗಿರಲಿಲ್ಲ.

ಮಾಡಿನಡಿ ಬಂದು ನಿಲ್ಲಿಸಿದ. ಎಲ್ಲರೂ ಟೋಪಿ ತೆಗೆದರು. ಇಸೋಬೆ ಹೆಲ್ಮೆಟ್ಟನ್ನು ಟ್ಯಾಂಕಿನ ಮೇಲಿಟ್ಟು, ಒಂದೊಂದೇ ಮಾತನ್ನು ಬಾವಿಯಿಂದ ಸೇದುವವನಂತೆ ಹೇಳಿದ.

"ಬಲಗಡೆ ಉದ್ದ ತಿರುವಲ್ಲಿ ಹಿಂದಿನ ಚಕ್ರ ಹಾರತ್ತೆ. ಎರಡು ಸಲ."

ಯಾರಿಗೂ ತಲೆಬುಡ ತಿಳಿಯಲಿಲ್ಲ. ಕುರಾತ ಗಡ್ಡ ಕೆರೆದುಕೊಂಡ. "ಇಸೋಬೆ ಸಾನ್ ಇಷ್ಟು ಬಿಡಿಸಿ ಹೇಳ್ತಿದಾರೆ ಅಂದ್ರೆ ಒಳಗೆ ಬೇರೇನೋ ಇರ್ಬೇಕು."

"ಎರಡು ಸಲ ಅಂದ್ರೆ, ಎರಡನೇ ಮೊಜು ತರಾನೇ ಇದೆ ಅಂತ ಹೊಗಳಿಕೆ ಇರ್ಬಹುದು" ಎಂದ ಇಂಜಿನ್ನಿನವನು.

"ಇಲ್ಲ ಇಲ್ಲ, ನಿವೃತ್ತಿ ಹತ್ತಿರ ಬಂತಲ್ಲ, ಬೇಜಾರು" ಎಂದು ಇನ್ನೊಬ್ಬ ಪಿಸುಗುಟ್ಟಿದ.

"ಹಿಂದಿನ ಚಕ್ರ ಹಾರತ್ತೆ ಕಣ್ರಪ್ಪಾ!" ಎಂದ ಇಸೋಬೆ, ಅಳು ಬರುವ ದನಿಯಲ್ಲಿ. ಅವರು ಇನ್ನಷ್ಟು ಗಂಭೀರವಾಗಿ ಅವನ ಹುಬ್ಬು ನೋಡಿದರು.

ಸಾಲಿನ ತುದಿಯಲ್ಲಿ ನಿಂತಿದ್ದ ಅಕಿಹೊ ಆಗ ಮುಂದೆ ಬಂದಳು. ಹಿಂಚಕ್ರದ ಕೆಲಸ ಅವಳದು. ಅವಳ ಮುಖ ಸುಣ್ಣವಾಗಿತ್ತು. ಯಾರನ್ನೂ ಕೇಳದೆ ತನ್ನ ಹೆಲ್ಮೆಟ್ ಹಾಕಿಕೊಂಡು, ಗಾಡಿ ಏರಿ ಹೊರಟೇಬಿಟ್ಟಳು. "ಶಿಮೊಮುರಾ! ಏಯ್!" ಎಂದು ಕುರಾತ ಕೂಗಿದ್ದು ಗಾಳಿಗೆ ಹೋಯಿತು.

ಇಸೋಬೆ ಮಾಡಿನ ಕಂಬ ಹಿಡಿದು ನಿಂತ. ಗಾಡಿಯ ಸದ್ದು ದೂರವಾಯಿತು, ತಿರುವಿನಲ್ಲಿ ಸಣ್ಣಗಾಯಿತು, ಮತ್ತೆ ಹತ್ತಿರವಾಯಿತು. ಅವಳು ನಿಲ್ಲಿಸಲಿಲ್ಲ, ಇನ್ನೊಂದು ಸುತ್ತು ಹೋದಳು. ಇಷ್ಟು ವರ್ಷ ತನ್ನನ್ನು ಕಾಯುತ್ತಿದ್ದವರಿಗೆ ಹೀಗೆಯೇ ಆಗುತ್ತಿತ್ತೇನೋ ಎಂದು ಅವನಿಗೆ ಅನ್ನಿಸಿತು. ಏನೂ ಇಲ್ಲ ಎಂದು ಅವಳು ಹೇಳಿದರೆ ಅಲ್ಲಿಗೆ ಮುಗಿಯಿತು. ತಾನು ಗೂಟ, ಅಷ್ಟೆ.

ಅಕಿಹೊ ಬಂದು ಗಾಡಿ ನಿಲ್ಲಿಸಿ ಇಳಿದಳು. ಕುರಾತನ ಕಡೆ ನೋಡಲೇ ಇಲ್ಲ. ನೇರ ಇಸೋಬೆಯ ಮುಂದೆ ಬಂದು ನಿಂತಳು.

"ಎರಡಲ್ಲ ಇಸೋಬೆ ಸಾನ್. ಮೂರು ಸಲ."

"ಮೂರಾ?"

"ಹೂಂ. ಮೂರನೇದು ತುಂಬಾ ಸಣ್ಣದು. ತಿರುವು ಬಿಡೋ ಹೊತ್ತಿಗೆ. ನಾನು ಜೋಡಿಸಿದ್ದೇ ಸರಿಯಿಲ್ಲ. ನಂಗೆ ಮೊದ್ಲಿಂದ ಅನುಮಾನ ಇತ್ತು, ಹೇಳೋಕೆ ಹೆದರಿಕೆ ಆಯ್ತು." ಅವಳು ಸೊಂಟ ಬಾಗಿಸಿದಳು. "ಕ್ಷಮಿಸಿ."

ಕುರಾತ ಸಾಕೆಯ ಬಾಟಲಿಯನ್ನು ಮೆಲ್ಲನೆ ಬೆಂಚಿನ ಕೆಳಗೆ ಇಟ್ಟು, "ಸರಿ, ಬಿಚ್ಚಿ" ಎಂದ. ಜನ ಪಾನಾ ಹಿಡಿದು ಗಾಡಿಯ ಸುತ್ತ ಕೂತರು.

ಇಸೋಬೆ ಕಣ್ಣು ಮುಚ್ಚಿ ಆ ತಿರುವನ್ನು ಮತ್ತೊಮ್ಮೆ ಮೈಯಲ್ಲಿ ಹಾದುಬಂದ. ಒಂದು ಸಿಕ್ಕಿತು. ಎರಡು ಸಿಕ್ಕಿತು. ಎಷ್ಟು ತಡಕಿದರೂ ಮೂರನೆಯದು ಸಿಗಲಿಲ್ಲ.

"ಮೂರನೇದು ನಂಗೆ ಗೊತ್ತಾಗ್ಲಿಲ್ಲಮ್ಮಾ" ಎಂದ.

"ಪರವಾಗಿಲ್ಲ."

"ಎರಡಂತೂ ಇತ್ತು ಅಲ್ವಾ?"

"ಇತ್ತು."

"ನಿಜವಾಗ್ಲೂ?"

"ನಿಜವಾಗ್ಲೂ ಇತ್ತು ಇಸೋಬೆ ಸಾನ್" ಎಂದಳು ಅಕಿಹೊ.